ಮೂರನೆಯ ಪುಟದ ‘ಆದ್ದರಿಂದ’

ಮಾನ್ಯರೇ,

ಕರುಳಿನ ಬ್ಯಾಕ್ಟೀರಿಯಾ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಸರಳವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಷಯದ ಆಯ್ಕೆಯೂ ಸರಿಯಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ಮೂರನೆಯ ಪುಟದಲ್ಲಿ ನೀವು ಬರೆಯುತ್ತೀರಿ: ‘ಗೆಡ್ಡೆಗಳಲ್ಲಿ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಹೇರಳವಾಗಿ ಸಿಕ್ಕಿತು. ಆದ್ದರಿಂದ ಈ ಬ್ಯಾಕ್ಟೀರಿಯಾವೇ ಕ್ಯಾನ್ಸರಿಗೆ ಕಾರಣ.’ ಮೊದಲ ವಾಕ್ಯ ನಿಜ. ವ್ಯಾಂಕೂವರ್ ಮತ್ತು ಬೋಸ್ಟನ್ನಿನ ಎರಡು ತಂಡಗಳು 2012ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದ್ದು ಅದನ್ನೇ. ಆದರೆ ಸಾಮಾನ್ಯವಾಗಿ ಬಾಯಿಯಲ್ಲಿ ವಾಸಿಸುವ ಈ ಜೀವಿ, ಆಮ್ಲಜನಕ ಕಡಿಮೆಯಿರುವ ಗೆಡ್ಡೆ ತನಗೆ ಹಿತವೆಂದು ಆಮೇಲೆ ಬಂದು ನೆಲೆಸಿರಬಾರದೇಕೆ? ಬೆಲ್ಲವಿದ್ದಲ್ಲಿ ಇರುವೆ ಕಂಡರೆ, ಇರುವೆಯಿಂದ ಬೆಲ್ಲವಾಯಿತೆಂದು ನಾವು ಹೇಳುವುದಿಲ್ಲ. ನಿಮ್ಮ ಎರಡು ವಾಕ್ಯಗಳ ನಡುವೆ ಬರಬೇಕಾಗಿದ್ದ ಕೆಲಸಗಳಿವೆ: ಈ ಬ್ಯಾಕ್ಟೀರಿಯಾದ ಮೈಮೇಲಿನ ಫ್ಯಾಡ್‌ಎ ಎಂಬ ಪ್ರೋಟೀನ್ ಕರುಳಿನ ಜೀವಕೋಶಕ್ಕೆ ಅಂಟಿಕೊಂಡು ಆ ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವುದು 2013ರಲ್ಲಿ ತಿಳಿಯಿತು, 2017ರಲ್ಲಿ, ರೋಗಿಗಳ ಗೆಡ್ಡೆಯನ್ನು ಕಸಿಮಾಡಿದ ಇಲಿಗಳಿಗೆ ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮೆಟ್ರೊನಿಡಜೋಲ್ ಎಂಬ ಔಷಧ ಕೊಟ್ಟಾಗ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಇವು ಕೂಡ ಗೆಡ್ಡೆಯನ್ನು ಬೆಳೆಸುವ ಮಾತನ್ನು ಹೇಳುತ್ತವೆಯೇ ಹೊರತು ಹುಟ್ಟಿಸುವ ಮಾತನ್ನಲ್ಲ.

ಈ ಒಂದು ಪದ ನನ್ನನ್ನು ಇಷ್ಟೊಂದು ಕೆಣಕಲು ಕಾರಣವಿದೆ. ನನ್ನ ಮೊದಲ ಲೇಖನ ಜಠರದ ಹುಣ್ಣಿನ ಬಗ್ಗೆ ಇತ್ತು, ಅದರಲ್ಲೂ ಇದೇ ‘ಆದ್ದರಿಂದ’ ಇತ್ತು: ಹುಣ್ಣಿದ್ದವರ ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಆದ್ದರಿಂದ ಹುಣ್ಣಿಗೆ ಅದೇ ಕಾರಣ. ಆಗಿನ ಸಂಪಾದಕರು ಆ ಪದಕ್ಕೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು ಕುಡಿದು ನೋಡಿದರು?’ ಎಂದಷ್ಟೇ ಬರೆದು ಮರಳಿಸಿದರು. ಅವಮಾನವಾಯಿತು. ಗ್ರಂಥಾಲಯದಲ್ಲಿ ಹುಡುಕಿದಾಗ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದಿದ್ದ ಸಂಗತಿ ಸಿಕ್ಕಿತು. ಗೆದ್ದವನಂತೆ ಅದನ್ನು ಸೇರಿಸಿ ಮತ್ತೆ ಒಯ್ದೆ. ಅವರು ತಲೆಯೆತ್ತದೆ, ‘ಅವನಿಗೆ ಬಂದದ್ದು ಉರಿಯೂತ, ಹುಣ್ಣಲ್ಲ’ ಎಂದರು.

ನಿಮ್ಮ ಇನ್ನೊಂದು ವಾಕ್ಯ: ‘ಇ. ಕೋಲಿಯಂಥ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಕರುಳಿನಿಂದ ತೊಲಗಿಸಬೇಕು.’ ಇ. ಕೋಲಿ ಆರೋಗ್ಯವಂತರ ಕರುಳಿನಲ್ಲಿಯೂ ಇರುವ ನಿವಾಸಿ. ಅದರ ಕೆಲವು ತಳಿಗಳಷ್ಟೇ ಕೋಲಿಬ್ಯಾಕ್ಟಿನ್ ಎಂಬ, ಡಿಎನ್‌ಎಯನ್ನು ಕೆಡಿಸುವ ವಿಷವನ್ನು ತಯಾರಿಸುತ್ತವೆ. ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಪುಟ್ಟ ಕರುಳಿನ ಮಾದರಿಗಳನ್ನು ಐದು ತಿಂಗಳ ಕಾಲ ಅಂಥ ತಳಿಗೆ ಒಡ್ಡಿ, ಡಿಎನ್‌ಎಯಲ್ಲಿ ಉಳಿದ ವಿಶಿಷ್ಟ ಗುರುತನ್ನು 2020ರಲ್ಲಿ ಪ್ರಕಟಿಸಿದರು. ಅದೇ ಗುರುತು ಕೆಲವು ರೋಗಿಗಳ ಗೆಡ್ಡೆಗಳಲ್ಲೂ ಸಿಕ್ಕಿತು. 2025ರಲ್ಲಿ 11 ದೇಶಗಳ 981 ಗೆಡ್ಡೆಗಳನ್ನು ಪರೀಕ್ಷಿಸಿದಾಗ, 70 ದಾಟಿದವರಿಗಿಂತ 40ರೊಳಗಿನವರಲ್ಲಿ ಇಂಥ ಗುರುತುಗಳು 3.3 ಪಟ್ಟು ಹೆಚ್ಚಾಗಿದ್ದವು. ಬ್ಯಾಕ್ಟೀರಿಯಾ ಹೊರಟುಹೋದ ಮೇಲೂ ಉಳಿಯುವ ಬೆರಳಚ್ಚು ಅದು. ನಿಮ್ಮ ‘ಆದ್ದರಿಂದ’ಕ್ಕೆ ತುಸುವಾದರೂ ಆಧಾರ ಸಿಗುವುದಿದ್ದರೆ ಅದು ಇಲ್ಲಿ, ಮತ್ತು ಇದಕ್ಕೆ ನೀವು ಅರ್ಧ ಸಾಲು ಕೊಟ್ಟಿದ್ದೀರಿ!

ಮೂರನೆಯ ಪುಟವನ್ನು ಮತ್ತೆ ಬರೆದು ಕಳುಹಿಸಿ. ಇಲಿಯಲ್ಲಿ ಕಂಡದ್ದು ಯಾವುದು, ಗಾಜಿನ ತಟ್ಟೆಯಲ್ಲಿ ಕಂಡದ್ದು ಯಾವುದು, ರೋಗಿಗಳಲ್ಲಿ ಕಂಡದ್ದು ಯಾವುದು ಎಂಬುದು ಆಯಾ ವಾಕ್ಯದಲ್ಲೇ ಇರಲಿ. ಮೊಸರಿನ ಮಹಿಮೆಯ ಕೊನೆಯ ಪ್ಯಾರಾ ಬೇಡ.

ಇಂತಿ,
ಸಂಪಾದಕ