ಬೆಹಿಸ್ತೂನ್ ಶಿಲ್ಪವನ್ನ ಎಲ್ಲಿಂದ ಓದೋದು

ಬೆಹಿಸ್ತೂನ್ ಅಂದ್ರೆ ಇರಾನಿನ ಒಂದು ಬೆಟ್ಟ, ಅದರ ಬಂಡೆ ಮೇಲೆ ಪರ್ಷಿಯಾದ ರಾಜ ಡೇರಿಯಸ್ ತನ್ನ ಗೆಲುವನ್ನ ಕೆತ್ತಿಸಿದಾನೆ. ನಿಮ್ಮ ಬರಹಕ್ಕೆ ಅಂತ, ಅದರಲ್ಲಿರೋ ಒಂಬತ್ತು ಕೈದಿಗಳನ್ನ ಯಾವತ್ತು ಒಟ್ಟಿಗೆ ಹಿಡಿದ್ರು ಅಂತ ಕೇಳಿದೀರಲ್ಲ, ಬಹುಶಃ ನೀವು ಆ ಶಿಲ್ಪವನ್ನ ಒಂದೇ ದಿನದ ಫೋಟೋ ಥರ ನೋಡ್ತಿರೋದ್ರಿಂದ ಗೊಂದಲ ಆಗಿರೋದು. ಅಂಥ ದಿನ ನಡೆದೇ ಇಲ್ಲ. ಕ್ರಿ.ಪೂ. 522-521ರಲ್ಲಿ ಅವನ ವಿರುದ್ಧ ಬೇರೆಬೇರೆ ಕಡೆ ಎದ್ದ ದಂಗೆಗಳ ನಾಯಕರನ್ನ ಒಂದೇ ಹಗ್ಗಕ್ಕೆ ಕಟ್ಟಿ ನಿಲ್ಸಿದಾರೆ ಅಷ್ಟೇ.

ಮೊದ್ಲು ಎಡಗಡೆ ದೊಡ್ಡದಾಗಿರೋ ಡೇರಿಯಸ್‌ನ ನೋಡಿ, ಎಡಗೈಲಿ ಬಿಲ್ಲು, ಬಲಗೈ ಮೇಲೆತ್ತಿದಾನೆ. ಆಮೇಲೆ ಅವನ ಕಾಲ ಕೆಳಗೆ, ಅಂಗಾತ ಬಿದ್ದು ಎರಡೂ ಕೈ ಎತ್ತಿರೋನು ಗೌಮಾತ (ಡೇರಿಯಸ್ ಪ್ರಕಾರ ಸುಳ್ಳು ಹೇಳಿ ಸಿಂಹಾಸನ ಹಿಡಿದಿದ್ದವನು), ಕಥೆ ಶುರುವಾಗೋದೇ ಅವನಿಂದ. ಅಲ್ಲಿಂದ ಬಲಕ್ಕೆ ಒಬ್ಬೊಬ್ಬರನ್ನೇ ನೋಡ್ತಾ ಹೋಗಿ, ಎಲ್ಲರ ಕುತ್ತಿಗೆಗೂ ಒಂದೇ ಹಗ್ಗ, ಕೈ ಹಿಂದಕ್ಕೆ ಕಟ್ಟಿದೆ, ಆದ್ರೆ ಬಟ್ಟೆ ಬೇರೆಬೇರೆ, ಯಾವ ನಾಡಿನೋರು ಅನ್ನೋದಕ್ಕೆ ಅದೂ ಒಂದು ಗುರುತು.

ಕೊನೆಯವನ ಹತ್ರ ಸ್ವಲ್ಪ ನಿಲ್ಲಿ. ಉದ್ದ ಚೂಪು ಟೋಪಿಯ ಸ್ಕುಂಖ, ಶಕರು ಅನ್ನೋ ಅಲೆಮಾರಿ ಜನಾಂಗದವನು. ಅವನ್ನ ಆಮೇಲೆ, ಕ್ರಿ.ಪೂ. 519ರ ಯುದ್ಧದ ನಂತರ ಸೇರ್ಸಿದ್ದು, ಜಾಗಕ್ಕೋಸ್ಕರ ಮೊದ್ಲೇ ಕೆತ್ತಿದ್ದ ಎಲಾಮೈಟ್ (ಇರಾನಿನ ಒಂದು ಪ್ರಾಚೀನ ಭಾಷೆ) ಬರಹದ ಒಂದು ಭಾಗಾನೇ ಕಡಿದು ಹಾಕಿದಾರೆ! ಉಳಿದವರ ಚಿಕ್ಕ ಬರಹಗಳಲ್ಲಿ "ಇವನು ಸುಳ್ಳು ಹೇಳಿದ" ಅಂತಿದೆ, ಇವನದ್ರಲ್ಲಿ ಬರೀ "ಇವನು ಶಕ ಸ್ಕುಂಖ". ನನಗಂತೂ ಇಡೀ ಬಂಡೆಲಿ ತುಂಬಾ ಇಷ್ಟವಾದ ಜಾಗ ಇದೇ.

ಮೇಲಿನ ರೆಕ್ಕೆಯ ಆಕೃತಿ ಪರ್ಷಿಯನ್ನರ ಮುಖ್ಯ ದೇವರು ಅಹುರ ಮಜ್ದಾ ಅಂತ ಹೆಚ್ಚಿನೋರು ಹೇಳ್ತಾರೆ, ಒಪ್ಪದವರೂ ಇದಾರೆ, ಹಾಗಾಗಿ ನಿಮ್ಮ ಬರಹದಲ್ಲಿ "ಬಹುಶಃ" ಸೇರ್ಸಿ.