ಮಾಲೂರಿನ ಹಳ್ಳಿಯಲ್ಲಿ ಕುಡಿತದ ನಷ್ಟದ ಲೆಕ್ಕ: ಪ್ರತಿಕ್ರಿಯೆ

ಹಳ್ಳಿಯವರು ಮದ್ಯಕ್ಕೆ ಸುರಿದ ಹಣಕ್ಕೆ ಅಬಕಾರಿ ತೆರಿಗೆ ಕೂಡಿಸಿದರೆ ಸಮಾಜದ ನಷ್ಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ ಸರ್. ತೆರಿಗೆ ಬಾಟಲಿ ಬೆಲೆಯೊಳಗೇ ಇದೆ. ಮೇಲಾಗಿ ಅದು ಸರ್ಕಾರಕ್ಕೆ ಹೋಗುವ ವರ್ಗಾವಣೆ, ನಷ್ಟವಲ್ಲ. ಖರೀದಿ ಹಣವನ್ನು ಮನೆಯ ಹೊರೆ ಎಂದು ಬೇರೆ ಬರೆಯಿರಿ.

ಎಣಿಸಬೇಕಾದ್ದು ಚಿಕಿತ್ಸೆ, ಅಪಘಾತ, ಪೊಲೀಸ್ ವೆಚ್ಚ, ಅಕಾಲ ಮರಣ, ತಪ್ಪಿದ ಕೂಲಿ. ಕೂಲಿಯ ಬಗ್ಗೆ ಕಳೆದ 30 ದಿನಗಳದ್ದನ್ನಷ್ಟೇ ಕೇಳಿ, ಹೆಂಗಸರನ್ನು ಪ್ರತ್ಯೇಕವಾಗಿ ಕೇಳಿ. ದರ ಸ್ಥಳೀಯವಾಗಿರಲಿ: ಕೋಲಾರದ ಟೊಮೆಟೊ ಮಂಡಿಯ ಹಮಾಲಿ ಕೂಲಿ ಬೇರೆ, ಹೊಲದ ಕೂಲಿ ಬೇರೆ.

ಕಾಯಿಲೆಗೆ ಹಳ್ಳಿಯವರೆಲ್ಲ ತೆತ್ತ ಪೂರ್ತಿ ಬಿಲ್ಲನ್ನು ಕುಡಿತದ ತಲೆಗೆ ಕಟ್ಟಬೇಡಿ. ಹಳ್ಳಿಯಲ್ಲಿ ಕುಡಿಯುವವರು ಶೇ. 30, ಕುಡಿಯದವರಿಗೆ ಹೋಲಿಸಿದರೆ ಅವರಿಗೆ ಆ ಕಾಯಿಲೆಯ ಅಪಾಯ 3 ಪಟ್ಟು ಎಂದಿಟ್ಟುಕೊಳ್ಳಿ. 0.3 × (3−1) = 0.6, ಅದನ್ನು 1 + 0.6 = 1.6ರಿಂದ ಭಾಗಿಸಿದರೆ 0.375. ಅಂದರೆ ಬಿಲ್ಲಿನ ಶೇ. 37.5 ಮಾತ್ರ ಕುಡಿತದ ಪಾಲು.

ರೋಗಿಯ ಜೊತೆ ಆಸ್ಪತ್ರೆಗೆ ಅಲೆಯುವ ಹೆಂಡತಿಯ ಕೂಲಿಯನ್ನು ದಯವಿಟ್ಟು ಬಿಡಬೇಡಿ.