ಜುಲೈ ತಿಂಗಳ ಬಂಗಡೆ

ಓದುಗರ ಪತ್ರ:

"ನಾನು ಅಂಕೋಲೆಯವನು. 1983ರಿಂದ 86ರವರೆಗೆ ಕಾರವಾರದಲ್ಲಿ ಕಾಲೇಜು ಓದಿದೆ. ಮೂರೂ ವರ್ಷ ಮಧ್ಯಾಹ್ನದ ಊಟ ಒಂದೇ ಖಾನಾವಳಿಯಲ್ಲಿ. ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಯಜಮಾನರ ಮೊಮ್ಮಗ ಅದೇ ಹೆಸರಲ್ಲಿ ಮತ್ತೆ ತೆರೆದಿದ್ದಾನೆ ಅಂತ ಕೇಳಿ, ಈ ಜುಲೈ ಎರಡನೇ ವಾರ ಹೆಂಡತಿಯನ್ನು ಕರೆದುಕೊಂಡು ಪುಣೆಯಿಂದ ಬಂದೆ. ಬಂಗಡೆ ಸಾರು ಬಾಯಿಗಿಟ್ಟರೆ ಒಂಥರಾ ಕಹಿ. ಮೀನು ಹತ್ತಿ ಜಗಿದ ಹಾಗೆ. ಹಳೇ ಹೆಸರಿಟ್ಟುಕೊಂಡು ದುಡ್ಡು ಮಾಡ್ತಿದ್ದಾರೆ ಅಷ್ಟೇ, ಅಲ್ವಾ? ಇಲ್ಲಾ ನನ್ನ ನಾಲಿಗೆಯೇ ಕೆಟ್ಟಿದೆಯೋ?"

ಸಂಪಾದಕರ ಉತ್ತರ:

ನಿಮ್ಮ ನಾಲಿಗೆ ಕೆಟ್ಟಿಲ್ಲ. ಕಹಿ ಇದ್ದದ್ದು ನಿಜ, ಮೀನು ಸಪ್ಪೆಯಾಗಿದ್ದದ್ದೂ ನಿಜ. ಆದರೆ ಆ ಹುಡುಗ ದುಡ್ಡಿಗಾಗಿ ಹೆಸರು ಮಾರುತ್ತಿದ್ದಾನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರ ಬಂದ ವಾರವೇ ಹೋಗಿ ನೋಡಿ ಬಂದೆ. ನಾನೂ ಅದೇ ಖಾನಾವಳಿಯ ಗಿರಾಕಿ. ನಿಮಗಿಂತ ಐದು ವರ್ಷ ಮೊದಲಿನವನು.

ನಮ್ಮ ಮನೆ ಸದಾಶಿವಗಡದಲ್ಲಿ. ಆಗ ಕಾಳಿ ನದಿಗೆ ಸೇತುವೆ ಇರಲಿಲ್ಲ. ಲಾಂಚ್ ಹತ್ತಿ ಕೋಡಿಬಾಗಕ್ಕೆ ಬಂದು, ಅಲ್ಲಿಂದ ಕಾಲೇಜಿಗೆ. ಮನೆಗೆ ಹೋಗಿ ಉಂಡು ಬರುವಷ್ಟು ಹೊತ್ತು ಸಿಗುತ್ತಿರಲಿಲ್ಲ, ಅದಕ್ಕೇ ಖಾನಾವಳಿಯಲ್ಲಿ ತಿಂಗಳ ಲೆಕ್ಕ. ದುಡ್ಡು ತಡವಾದರೆ ಯಜಮಾನರು ಕೇಳುತ್ತಿರಲಿಲ್ಲ. ಕೇಳದೇ ಇದ್ದದ್ದಕ್ಕೇ ನಾವು ನಾಚಿಕೊಂಡು ಕೊಡುತ್ತಿದ್ದೆವು.

ಮೊದಲು ಮೀನಿನ ವಿಚಾರ. ನೀವು ಬಂದದ್ದು ಜುಲೈಯಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಹೊಳೆ ಮೀನು, ಬೆಳಚು ಅನ್ನುವ ಚಿಪ್ಪುಮೀನು ಇವಿಷ್ಟೇ ಆಗ ತಾಜಾ ಸಿಗುವುದು. ಬಂಗಡೆ ಬೇಕೇ ಬೇಕು ಅಂದರೆ ಐಸಿನಲ್ಲಿಟ್ಟದ್ದು ಬರುತ್ತದೆ. ನೀವು ತಿಂದದ್ದು ಅದನ್ನೇ. ಅಂಕೋಲೆಯವರು ನೀವು, ನಿಮ್ಮ ತಾಯಿ ಮಳೆಗಾಲದಲ್ಲಿ ಬಂಗಡೆ ಸಾರು ಮಾಡುತ್ತಿದ್ದರೇ? ಒಣಮೀನು ಸುಟ್ಟು, ಗಂಜಿಯ ಜೊತೆ ಕೊಡುತ್ತಿದ್ದರು ಅಲ್ವಾ? ಆ ಹುಡುಗನಿಗೂ ನಾನು ಇದನ್ನೇ ಹೇಳಿದೆ. ಜೂನ್, ಜುಲೈಯಲ್ಲಿ ಬಂಗಡೆ ಇಲ್ಲ ಅಂತ ಬೋರ್ಡು ಹಾಕು, ಬೆಳಚಿನ ಸುಕ್ಕಾ ಮಾಡು, ಒಣಶೆಟ್ಲಿ (ಒಣಸಿಗಡಿ) ಚಟ್ನಿ ಮಾಡು. ದೂರದಿಂದ ಬಂದವರು ಬೇಜಾರಾಗುತ್ತಾರೆ ಅಂತ ಅವನಿಗೆ ಹೆದರಿಕೆ. ನಿಮ್ಮ ಪತ್ರ ತೋರಿಸಿದ ಮೇಲೆ ಸ್ವಲ್ಪ ಯೋಚನೆಗೆ ಬಿದ್ದಿದ್ದಾನೆ.

ನಮ್ಮ ಕಾಲದ ಬಂಗಡೆಯ ರುಚಿಗೆ ಇನ್ನೊಂದು ಕಾರಣವೂ ಇತ್ತು. ನಾನು ಕಾಲೇಜಿಗೆ ಸೇರಿದಾಗ ರಂಪಣಿ ಬಲೆ ಇನ್ನೂ ಪೂರ್ತಿ ಹೋಗಿರಲಿಲ್ಲ. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ಬೆಳಿಗ್ಗೆ ಮರಳಿನ ಮೇಲೆ ಒದ್ದಾಡುತ್ತಿದ್ದ ಮೀನು ಬುಟ್ಟಿಯಲ್ಲಿ ಹೊರಟು ಮಧ್ಯಾಹ್ನ ನಮ್ಮ ಬಟ್ಟಲಲ್ಲಿ ಇರುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಅನ್ನುವ ದೊಡ್ಡ ಸುತ್ತುಬಲೆಯ ಯಾಂತ್ರಿಕ ಬೋಟುಗಳು ಬಂದವು. ಬಂಗಡೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲೇ ಬಲೆಗೆ ಬೀಳತೊಡಗಿತು. ರಂಪಣಿ ಎಳೆಯುತ್ತಿದ್ದವರ ಹೊಟ್ಟೆಯ ಮೇಲೆ ಬಿದ್ದ ಏಟು ಅದು. ಆಗ ನನಗೆ ಗೊತ್ತಾಗಲಿಲ್ಲ. ಬಟ್ಟಲಲ್ಲಿ ಮೀನು ಇತ್ತಲ್ಲ.

ಇನ್ನು ಕಹಿ. ಅದಕ್ಕೆ ಕಾರಣ ನನ್ನ ಕಣ್ಣೆದುರೇ ಸಿಕ್ಕಿತು. ಒಳಗೆ ಹೋಗಿ ನೋಡಲೇ ಅಂದೆ, ಬನ್ನಿ ಅಂದ. ಅಡುಗೆಯ ಹುಡುಗ ಮಿಕ್ಸಿಗೆ ಕಾಯಿತುರಿ, ಮೆಣಸು, ಅರಿಶಿನ, ಕೊತ್ತಂಬರಿ ಹಾಕಿದ. ಅದರ ಮೇಲೆಯೇ ಒಂದು ಮುಷ್ಟಿ ಒಣ ತೆಪ್ಪಲ ಸುರಿದ. ಮೀನು ಸಾರಿಗೆ ಘಮಕ್ಕೆ ಹಾಕುವ ಪುಟ್ಟ ಕಾಯಿ ಅದು. ನಮ್ಮ ಕೆಲವು ಊರುಗಳಲ್ಲಿ ಜುಮ್ಮನಕಾಯಿ ಅನ್ನುತ್ತಾರಲ್ಲ, ಅದೇ. ತಡಿಯಪ್ಪಾ ಅಂತ ಒಂದನ್ನು ಎತ್ತಿಕೊಂಡೆ. ಒಣಗಿದ ಸಿಪ್ಪೆ ಬಾಯಿ ಬಿಟ್ಟಿತ್ತು. ಒಳಗೆ ಸಾಸಿವೆಗಿಂತ ದೊಡ್ಡದಾದ, ಮಿರಮಿರ ಹೊಳೆಯುವ ಕಪ್ಪು ಬೀಜ. ತೆಪ್ಪಲದಲ್ಲಿ ಬೇಕಾದದ್ದು ಸಿಪ್ಪೆ ಮಾತ್ರ. ಆ ಬೀಜ ಅರೆದು ಹೋದರೆ ಇಡೀ ಪಾತ್ರೆ ಕಹಿ. ಯಜಮಾನರ ಮೊಮ್ಮಗನಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದ ಅಜ್ಜ ಇಲ್ಲ. ಅಪ್ಪ ಬೇರೆ ಕೆಲಸಕ್ಕೆ ಹೋದವರು.

ಇದ್ದರೂ ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ. ಅವರು ಕೂರುತ್ತಿದ್ದದ್ದು ದುಡ್ಡಿನ ಗಲ್ಲೆಯ ಮೇಲೆ. ಮಸಾಲೆ ಅರೆಯುತ್ತಿದ್ದದ್ದು ಹಿಂದಿನ ಕೋಣೆಯ ಅಕ್ಕ. ನಿಮಗೆ ನೆನಪಿದೆಯೇ? ನೀರು ಕುಡಿಯಲು ಒಳಗೆ ಹೋದರೆ ಕಲ್ಲಿನ ಮುಂದೆ ಕೂತಿರುತ್ತಿದ್ದರು, ಮೊಣಕೈವರೆಗೆ ಕೆಂಪು. ನಾವು ಯಾವತ್ತೂ ಅವರ ಹೆಸರು ಕೇಳಲಿಲ್ಲ. ಈಗ ಹೊಸ ಖಾನಾವಳಿಯ ಗೋಡೆಯ ಮೇಲೆ ಯಜಮಾನರ ದೊಡ್ಡ ಫೋಟೊ ಇದೆ. ಇರಲಿ, ಅವರು ಒಳ್ಳೆಯವರು. ಆದರೆ ನೀವು ಪುಣೆಯಿಂದ ಹುಡುಕಿಕೊಂಡು ಬಂದ ರುಚಿ ಆ ಅಕ್ಕನ ಕೈಯದು.

ಅವರು ಕೋಡಿಬಾಗದಲ್ಲಿ ಮಗನ ಮನೆಯಲ್ಲಿದ್ದಾರೆ ಅಂತ ಗೊತ್ತಾಯಿತು. ಹುಡುಗನನ್ನು ಕರೆದುಕೊಂಡು ಹೋದೆ. ವಯಸ್ಸು ಎಪ್ಪತ್ತೈದು ದಾಟಿದೆ. ಯಜಮಾನರ ಮೊಮ್ಮಗ ಅಂದ ಕೂಡಲೇ ಅವನ ಗಲ್ಲ ಹಿಡಿದು ನೋಡಿದರು. ಆಮೇಲೆ ನಾನು ಜೇಬಲ್ಲಿ ಇಟ್ಟುಕೊಂಡು ಹೋಗಿದ್ದ ತೆಪ್ಪಲವನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಲ್ಲಿ ತಿಕ್ಕಿ, ಉಫ್ ಅಂತ ಊದಿದರು. ಬೀಜ ಹಾರಿ ಸಿಪ್ಪೆ ಉಳಿಯಿತು. ಅದನ್ನು ಜಜ್ಜಿ ನೀರಲ್ಲಿ ನೆನೆಸಬೇಕು, ಸಾರು ಕುದಿಯುವಾಗ ಮುರುಗಲು ಸಿಪ್ಪೆಯ ಜೊತೆ ಹಾಕಬೇಕು, ಅರೆಯಲೇಬಾರದು. ಮೀನು ಹಾಕಿದ ಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು. ಇಷ್ಟೇ. ಹುಡುಗ ಮೊಬೈಲಿನಲ್ಲಿ ಎಲ್ಲಾ ವಿಡಿಯೊ ಮಾಡಿಕೊಂಡ. ಸುಮ್ನೆ ಕೇಳಿಕೊಂಡು ಹೋಗಬೇಡ, ಕಲಿಸಿದ್ದಕ್ಕೆ ಸಂಬಳ ಕೊಡು ಅಂದೆ. ಈಗ ವಾರಕ್ಕೆ ಎರಡು ದಿನ ರಿಕ್ಷಾ ಕಳಿಸಿ ಕರೆಸಿಕೊಳ್ಳುತ್ತಿದ್ದಾನೆ, ಸಂಬಳವನ್ನೂ ಕೊಡುತ್ತಿದ್ದಾನೆ.

ಇನ್ನೊಂದು ಮಾತು. ನಿಮ್ಮ ಹೆಂಡತಿ ನಿಮ್ಮ ಜೊತೆ ಎಲ್ಲರೂ ಕೂರುವ ಹಾಲ್‌ನಲ್ಲೇ ಕೂತು ಉಂಡರು. ನಮ್ಮ ಕಾಲದಲ್ಲಿ ಹೆಂಗಸರಿಗೆ ಮೂಲೆಯಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮು. ನನ್ನ ತಂಗಿಯೂ ಅದೇ ಕಾಲೇಜಿಗೆ ಬರುತ್ತಿದ್ದಳು. ಒಂದು ದಿನವೂ ಅಲ್ಲಿ ಉಣ್ಣಲಿಲ್ಲ, ಡಬ್ಬಿ ತರುತ್ತಿದ್ದಳು. ಮೊನ್ನೆ ನಾನು ಹೋದಾಗ ನಾಲ್ಕು ಕಾಲೇಜು ಹುಡುಗಿಯರು ಕಿಟಕಿಯ ಹತ್ತಿರದ ಟೇಬಲ್ಲಿನಲ್ಲಿ ಜೋರಾಗಿ ನಗುತ್ತಾ ಊಟ ಮಾಡುತ್ತಿದ್ದರು. ನನಗೆ ತುಂಬಾ ಸಂತೋಷವಾಯಿತು. ಹಳೆಯದು ಹಾಗೇ ಮರಳಿ ಬರಬೇಕು ಅಂತ ನನಗೆ ಆಸೆ ಇಲ್ಲ.

ನೀವು ಬಂದು ಹೋದ ಮೇಲೆ ಇಲ್ಲಿ ಏನಾಯಿತು ಅಂತ ಓದಿರುತ್ತೀರಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನೀರಿಗೆ ಹೋಯಿತು, ಚಾಲಕ ಬದುಕಿ ಬಂದ. ಲಾಂಚಿನಲ್ಲಿ ಕೂತು ಆ ಸೇತುವೆಯ ಕಂಬ ಏಳುವುದನ್ನು ದಿನಾ ನೋಡಿದವನು ನಾನು. ಮರುದಿನ ಹೋಗಿ ದಡದಲ್ಲಿ ತುಂಬಾ ಹೊತ್ತು ನಿಂತಿದ್ದೆ. ಅಲ್ಲಿಂದ ನೇರ ಖಾನಾವಳಿಗೇ ಹೋದೆ. ಅವತ್ತು ಅದು ತೆರೆದಿದ್ದದ್ದು ಎಷ್ಟು ದೊಡ್ಡ ಸಮಾಧಾನ ಅಂತ ಹೇಳಲಾರೆ.

ದಸರಾ ರಜೆಗೆ ಇನ್ನೊಮ್ಮೆ ಬನ್ನಿ. ಅಷ್ಟು ಹೊತ್ತಿಗೆ ಬೋಟು ಇಳಿದು ಎರಡು ತಿಂಗಳಾಗಿರುತ್ತದೆ, ತಾರ್ಲೆ, ಅಂದರೆ ಬೂತಾಯಿ ಮೀನಿಗೂ ಎಣ್ಣೆ ಬಂದಿರುತ್ತದೆ. ಅಕ್ಕ ಬರುವ ದಿನ ನೋಡಿ ಬನ್ನಿ, ಮೊದಲೇ ಒಂದು ಸಾಲು ಬರೆದರೆ ನಾನು ವಿಚಾರಿಸಿ ತಿಳಿಸುತ್ತೇನೆ. ಗೋವಾ ಕಡೆಯಿಂದ ಬರುವುದಾದರೆ ಸ್ವಲ್ಪ ಬೇಗ ಹೊರಡಿ. ಎರಡೂ ಕಡೆಯ ಗಾಡಿಗಳು ಈಗ ಹೊಸ ಸೇತುವೆಯ ಮೇಲೇ ಓಡುತ್ತಿವೆ, ತಡವಾಗುತ್ತದೆ. ಒಂದೂವರೆ ಮೇಲೆ ಬಂಗಡೆ ಉಳಿಯುವುದಿಲ್ಲ.

— ಸಂ.